ಬರ್ತೀನಿ ಅಂದನಂತೆ

ಯಾರದೋ ಹಲ್ಲಿನ ಸೆಟ್ಟು ಮೇಜಿನ ಮೇಲೆ ಕುಳಿತು ನನ್ನನ್ನೇ ನೋಡಿ ನಗುತ್ತಿದೆ, ಬಿಳಿ ಅಚ್ಚು, ಅದರ ಮೇಲೆ ಗುಲಾಬಿ ಮೇಣದ ಒಸಡು, ಒಸಡಿನಲ್ಲಿ ನಾನೇ ಒಂದೊಂದಾಗಿ ನಿಲ್ಲಿಸಿದ ಹಲ್ಲು — ನಗು ತಾಯಿ, ನಿನಗೇನು, ಸಂಜೆ ಡಾಕ್ಟರ ಹತ್ತಿರ ಹೋಗಿ ಯಾರ ಬಾಯಿಗೋ ಸೇರಿಕೊಳ್ಳುತ್ತೀಯ. ಮೇಣ ಗಟ್ಟಿಯಾಗುತ್ತಿದೆ, ಚಾಕುವನ್ನು ದೀಪಕ್ಕೆ ಹಿಡಿಯಬೇಕು, ಕೈ ಏಳುತ್ತಿಲ್ಲ. ಪಕ್ಕದ ಮೇಜಿನ ಪೌಡರ್ ಅಣ್ಣ, ಅಚ್ಚು ಉಜ್ಜಿ ಉಜ್ಜಿ ಕಣ್ಣಿನ ರೆಪ್ಪೆಯೂ ಬೆಳ್ಳಗಾಗಿರುವ ಮನುಷ್ಯ, ಬೆಳಿಗ್ಗೆ ಬಂದವನೇ ಏನಂದ — ನಿನ್ನ ಗಂಡ ನನ್ನ ಕನಸಿಗೆ ಬಂದಿದ್ದ ಕಣಮ್ಮ, ಸ್ಕೂಟರ್ ಒರೆಸ್ತಾ ನಿಂತಿದ್ದ, ಚೆನ್ನಾಗಿದ್ದ. ಚೆನ್ನಾಗಿದ್ದನಂತೆ. ಲಿಫ್ಟ್ ರಿಪೇರಿಗೆ ಹೋದವನು ಯಾವುದೋ ಆಫೀಸಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಳಿತ, ಏಳಲಿಲ್ಲ, ಚಳಿಗಾಲ ಮುಗಿದು ಬೇಸಿಗೆ ಬಂತು, ಈಗ ಚೆನ್ನಾಗಿದ್ದಾನೆ. ಹೌದಾ ಅಣ್ಣ ಎಂದೆ, ಇನ್ನೇನು ಹೇಳಲಿ, ಮತ್ತೆ ಬಂದರೆ ಸ್ವಲ್ಪ ನಮ್ಮ ಮನೆ ಕಡೆಗೂ ಕಳಿಸಿ ಎನ್ನಲೇ.

ಎಲ್ಲರ ಕನಸಿಗೂ ಹೋಗುತ್ತಾನೆ. ತನ್ನ ತಂಗಿಯ ಕನಸಿಗೆ ಹೋಗಿ ಸ್ವೆಟರ್ ಕೇಳಿದನಂತೆ, ನಾದಿನಿ ಫೋನಿನಲ್ಲಿ ಅತ್ತಿದ್ದೇ ಅತ್ತಿದ್ದು. ಮೇಲಿನ ಮನೆಯವಳ ಕನಸಿಗೂ ಹೋಗಿದ್ದಾನೆ, ಬದುಕಿದ್ದಾಗ ಅವಳ ಜೊತೆ ಎರಡು ಮಾತು ಆಡಿದವನಲ್ಲ, ಅವಳ ಹತ್ತಿರ ನಿಂತು ನೀರು ಬಂತಾ ಎಂದು ವಿಚಾರಿಸಿದನಂತೆ. ನನ್ನ ಕನಸಿಗೆ ಬರಲು ಇವನಿಗೇನು ಧಾಡಿ. ನನಗೂ ಕನಸು ಬೀಳುತ್ತದೆ, ಬಸ್ಸು ತಪ್ಪುತ್ತದೆ, ಲ್ಯಾಬಿನ ಯಜಮಾನರು ಬೈಯುತ್ತಾರೆ, ಶಾಲೆಯಲ್ಲಿ ಕಿವಿ ಹಿಂಡಿದ ಲೆಕ್ಕದ ಮೇಷ್ಟ್ರು ಕೂಡ ಕೋಲು ಹಿಡಿದು ಬಂದು ಹೋದರು, ಇವನೊಬ್ಬನಿಗೆ ದಾರಿ ಗೊತ್ತಿಲ್ಲ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ನಾನೊಬ್ಬಳೇ ಇರಬೇಕು. ಬರಲಿ, ಮಾತಾಡುವುದು ಬೇಡ, ಒಂದು ಸಲ ನಕ್ಕು ಹೋಗಲಿ, ಮುಂದಿನ ಎರಡು ಹಲ್ಲಿನಲ್ಲಿ ಒಂದು ಇನ್ನೊಂದರ ಮೇಲೆ ಹತ್ತಿಕೊಂಡಿತ್ತು, ಎಡದ್ದಾ, ಬಲದ್ದಾ — ಇದೇ, ಇದೇ ಮರೆತುಹೋಗಿದೆ. ದಿನವಿಡೀ ಊರವರ ಹಲ್ಲು ಜೋಡಿಸುವವಳಿಗೆ ಗಂಡನ ಹಲ್ಲು ನೆನಪಿಲ್ಲ. ಫೋಟೋ ನೋಡೋಣವೆಂದರೆ ಪುಣ್ಯಾತ್ಮ ಆ ಹಲ್ಲಿನ ನಾಚಿಕೆಗೆ ಎಲ್ಲದರಲ್ಲೂ ಬಾಯಿ ಮುಚ್ಚಿಕೊಂಡು ನಿಂತಿದ್ದಾನೆ, ಮದುವೆಯ ಫೋಟೋದಲ್ಲೂ, ಯಾರೋ ಗದರಿಸಿ ನಿಲ್ಲಿಸಿದವರ ಹಾಗೆ. ಸರಿ ಮಾಡಿಕೊಡ್ತೀನಿ ಬಾ ಎಂದರೆ, ಬೇಡ ಬಿಡೇ, ನೀನೊಬ್ಬಳೇ ನೋಡೋದು ತಾನೆ, ಎನ್ನುತ್ತಿದ್ದ. ನಾನೊಬ್ಬಳೇ ನೋಡಿದ್ದು, ನಾನೇ ಮರೆತೆ.

ಇನ್ನು ನಮ್ಮ ಅತ್ತೆ. ಅತ್ತೆಗೆ ನಿದ್ದೆಯೇ ಇಲ್ಲ, ಕನಸು ಎಲ್ಲಿಂದ ಬರಬೇಕು, ಅದಕ್ಕೇ ನನ್ನ ಕನಸಿನ ಮೇಲೆ ಕಣ್ಣು. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಬಚ್ಚಲ ಬಾಗಿಲಲ್ಲಿ ನಿಂತು, ಬಂದ್ನಾ. ಇಲ್ಲ ಅತ್ತೆ. ಮರುದಿನ ಮತ್ತೆ, ಬಂದ್ನಾ. ಇಲ್ಲ. ಹೆಂಡತಿ ಹತ್ರನೇ ಬರದವನು ನನ್ನ ಹತ್ರ ಎಲ್ಲಿ ಬರ್ತಾನೆ ಬಿಡು ಎಂದು ಗೋಡೆ ಹಿಡಿದುಕೊಂಡು ಒಳಗೆ ಹೋಗುವಾಗ ಆ ಬೆನ್ನು ನೋಡಲಾಗುತ್ತಿರಲಿಲ್ಲ, ಕೊನೆಗೆ ಒಂದು ಬೆಳಿಗ್ಗೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ — ಬಂದಿದ್ರು ಅತ್ತೆ, ನೀಲಿ ಅಂಗಿ ಹಾಕಿದ್ರು, ಅಡುಗೆಮನೇಲಿ ನಿಂತು ಒಂದು ಲೋಟ ನೀರು ಕುಡಿದ್ರು, ಅಮ್ಮ ಮಲಗಿದಾಳಾ ಅಂದ್ರು, ಎಬ್ಬಿಸಬೇಡ ಅಂದ್ರು, ಬರ್ತೀನಿ ಅಂದು ಹೋದ್ರು. ಹೊರಡುವವರು ಮತ್ತೇನು ಹೇಳುತ್ತಾರೆ, ಹೋಗ್ತೀನಿ ಎಂದು ನಮ್ಮಲ್ಲಿ ಯಾರಾದರೂ ಹೇಳುತ್ತಾರೆಯೇ, ಹಾಲು ಹಾಕುವವನೂ ಹೊರಡುವಾಗ ಬರ್ತೀನಮ್ಮಾ ಎನ್ನುತ್ತಾನೆ. ಚಿಕ್ಕಂದಿನಲ್ಲಿ ನನ್ನ ಗಂಡ ಹೋಗ್ತೀನಿ ಎಂದರೆ ಬಾಯ ಮೇಲೆ ಒಂದು ಕೊಟ್ಟು ತಿದ್ದಿದವಳು ಈ ಅತ್ತೆಯೇ. ಆದರೆ ಅವತ್ತು ನನ್ನ ಎರಡು ಕೈಯನ್ನೂ ಹಿಡಿದುಕೊಂಡು, ಬರ್ತೀನಿ ಅಂದ್ನಾ, ಅವನ ಬಾಯಲ್ಲೇ ಅಂದ್ನಾ. ಹೂಂ ಅಂದೆ. ಆ ಕ್ಷಣಕ್ಕೆ ನನಗೂ ಹಾಗೇ ಅನಿಸಿಬಿಟ್ಟಿತ್ತು, ಸುಳ್ಳೇಕೆ ಹೇಳಲಿ, ಹೇಳಿದ್ದೇ ಸುಳ್ಳು.

ಅವತ್ತಿನಿಂದ ಅತ್ತೆ ಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿಲ್ಲ. ನೀಲಿ ಅಂಗಿಯನ್ನು ಇಸ್ತ್ರಿ ಮಾಡಿಸಿ ತಂದಳು, ಲೋಟದಲ್ಲಿ ನೀರು ತುಂಬಿ ಮುಚ್ಚಿಡುತ್ತಾಳೆ, ಬೀದಿಯಲ್ಲಿ ಸ್ಕೂಟರ್ ನಿಂತರೆ ತಲೆ ಎತ್ತುತ್ತಾಳೆ. ಅತ್ತೆ, ಅದು ಹೊರಡುವಾಗ ಹೇಳುವ ಮಾತು ಅತ್ತೆ, ಎಂದರೆ, ಗೊತ್ತಮ್ಮ, ನನಗೆ ಹೇಳಿಕೊಡ್ತೀಯಾ, ಆದ್ರೂ ಬರ್ತೀನಿ ಅಂದಿದಾನಲ್ಲ. ಕನಸೇ ಬಿದ್ದಿರಲಿಲ್ಲ ಎಂದು ಹೇಳಿಬಿಡಬೇಕು, ಇವತ್ತೇ ಹೇಳಬೇಕು ಎಂದುಕೊಂಡು ಬಸ್ಸು ಹತ್ತಿದೆ, ಎಷ್ಟು ಸಲ ಹೀಗೆ ಹತ್ತಿದ್ದೇನೆ. ಹೇಳಿದರೆ ಆ ಮುದುಕಿಗೆ ಮಗ ಎರಡನೇ ಸಲ ಸಾಯುತ್ತಾನೆ, ಹೇಳದಿದ್ದರೆ ಹೀಗೇ ಬಾಗಿಲು ಕಾಯುತ್ತಾ ಕೂರುತ್ತಾಳೆ, ಜೊತೆಗೆ ನಾನೂ, ಚಿಲಕ ಹಾಕದ ಮನೆಯಲ್ಲಿ ಯಾರಿಗೆ ನಿದ್ದೆ, ನಿದ್ದೆಯಿಲ್ಲದೆ ಯಾವ ಕನಸು.

ಫೋನು. ಅತ್ತೆಯದೇ. ಕೆಲಸದ ಹೊತ್ತಿನಲ್ಲಿ ಯಾವತ್ತೂ ಮಾಡುವವಳಲ್ಲ, ಏನಾಯ್ತತ್ತೆ. ಏನಿಲ್ಲ ಕಣೇ, ಊಟ ಮಾಡಿ ಹಾಗೇ ಗೋಡೆಗೊರಗಿದ್ದೆ, ಜೋಂಪು ಹತ್ತಿತು, ಬಂದಿದ್ದ. ಯಾರು ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ನೀನು ಹೇಳಿದ ಹಾಗೇ ಕಣೇ, ಅದೇ ನೀಲಿ ಅಂಗಿ, ಅಡುಗೆಮನೇಲಿ ನೀರು ಕುಡಿದ, ಅಮ್ಮಾ ಅಂದ. ನನ್ನ ಅಂಗಿ, ನನ್ನ ಲೋಟ, ನಾನು ಕಟ್ಟಿದ ಸುಳ್ಳಿನೊಳಗೆ ಅವನು ಬಂದು ನಿಂತಿದ್ದಾನೆ, ಬಂದದ್ದು ಅವಳ ಹತ್ತಿರ. ಖುಷಿಪಡಬೇಕು, ಹೊಟ್ಟೆ ಉರಿಯುತ್ತಿದೆ. ಏನಂದ್ರು ಅತ್ತೆ. ಮೂಗು ಎಳೆದುಕೊಂಡ ಸದ್ದು. ಹೋಗ್ತೀನಿ ಅಂದ ಕಣೇ. ಬರ್ತೀನಿ ಅನ್ನಲಿಲ್ಲ. ಹಾಗನ್ನಬಾರದು ಕಣೋ ಅನ್ನೋಣ ಅಂತ ಬಾಯಿ ತೆಗೆದೆ, ಮುಖ ನೋಡಿದೆ, ಪಾಪ, ಸುಸ್ತಾಗಿದ್ದ, ಆಯ್ತಪ್ಪ ಹೋಗು ಅಂದೆ. ಇವತ್ತಿಂದ ಚಿಲಕ ಹಾಕ್ಕೊಂಡು ಮಲಗೋಣ, ನೀನು ಬೇಗ ಬಾ. ಫೋನಿಟ್ಟಳು.

ಅತ್ತೆ, ಅವರು ನಕ್ಕರಾ ಎಂದು ಕೇಳಲಿಲ್ಲ, ಎಡದ್ದಾ ಬಲದ್ದಾ ಎಂದು ಕೇಳಲಿಲ್ಲ, ಮತ್ತೆ ಫೋನು ಮಾಡಿ ಕೇಳಿದರೆ ಏನೆಂದುಕೊಂಡಾಳು. ಚಿಲಕ ಹಾಕಬಹುದಂತೆ. ನಾನು ಹೇಗೆ ಹಾಕಲಿ ಅತ್ತೆ, ನನ್ನ ಹತ್ತಿರ ಇನ್ನೂ ಬಂದೇ ಇಲ್ಲ. ಮೇಣ ತಣ್ಣಗಾಗಿದೆ, ಯಜಮಾನರು ಆಯ್ತಾ ಎನ್ನುತ್ತಿದ್ದಾರೆ, ಪೌಡರ್ ಅಣ್ಣ ಇತ್ತಲೇ ನೋಡುತ್ತಿದ್ದಾನೆ. ಹೊಸ ಸೆಟ್ಟು ಕೂರಿಸಿದಾಗ ಡಾಕ್ಟರು ಒಂದೊಂದು ಅಕ್ಷರ ಹೇಳಿಸಿ ನೋಡುತ್ತಾರೆ, ತುಟಿಯೂ ನಾಲಿಗೆಯೂ ಎಲ್ಲೆಲ್ಲಿ ತಾಗುತ್ತವೆ ಎಂದು, ನನಗೂ ಗೊತ್ತು, ಬ ಅನ್ನಲು ತುಟಿ ಮುಚ್ಚಬೇಕು, ಹೋ ಅನ್ನಲು ತುಟಿ ದುಂಡಗಾಗುತ್ತದೆ, ಹಲ್ಲು ಕಾಣುವುದು ಆಮೇಲೆ, ತೀ ಅನ್ನುವಾಗ, ಯಾವ ಮಾತೇ ಆಗಲಿ, ಬರ್ತೀನಿಯೋ ಹೋಗ್ತೀನಿಯೋ, ತೀ ಅಂದರೆ ಸಾಕು, ಆ ಹತ್ತಿಕೊಂಡ ಹಲ್ಲು ಕಾಣಲೇಬೇಕು — ಹೇಳು, ಹೋಗ್ತೀನಿ ಅಂತಲೇ ಹೇಳು, ನಾನು ತಿದ್ದುವುದಿಲ್ಲ — ಕಣ್ಣು ಮುಚ್ಚುತ್ತೇನೆ, ನೀಲಿ ಅಂಗಿ, ಕೊರಳು, ಗಲ್ಲ, ತುಟಿ ದುಂಡಗಾಗುತ್ತದೆ, ಹೋ, ಅಷ್ಟೇ, ಒಳಗೆ ಕತ್ತಲೆ, ಮುಂದಿನ ಅಕ್ಷರ ಬರುವುದಿಲ್ಲ, ತುಟಿ ಹಾಗೇ ದುಂಡಗೆ, ಹೋ