ಮುಳುಗುವುದೇ ಕೆಲಸವಾದ ಬೆಂಡು

ನಾನು ಒಂದು ಬೆಂಡು. ಗಾಳದ ದಾರಕ್ಕೆ ಕಟ್ಟಿ ನೀರಿನ ಮೇಲೆ ನಿಲ್ಲಿಸುತ್ತಾರಲ್ಲ, ಮೀನು ಕಚ್ಚಿದರೆ ಬುಳುಕ್ಕನೆ ಒಳಗೆ ಹೋಗುತ್ತದಲ್ಲ, ಅದು. ವಂಶ ಕೇಳಿದರೆ ನನ್ನದು ದೊಡ್ಡ ಮನೆತನವೇ. ನವಿಲಿನ ಗರಿಯೊಂದರ ದಂಟು ನಾನು. ಕಬ್ಬಿನ ಗದ್ದೆಯ ಬದುವಿನ ಮೇಲೆ ಉದುರಿ ಬಿದ್ದಿದ್ದೆ. ಕಣ್ಣಿದ್ದ ತುದಿಯನ್ನು ಯಾರೋ ಕತ್ತರಿಸಿ ದೇವರ ಪಟಕ್ಕೆ ಸಿಕ್ಕಿಸಿಕೊಂಡರು. ಸೊಗಸೆಲ್ಲ ಆ ಕಡೆ ಹೋಯಿತು, ಉಳಿದ ದಂಟಿಗೆ ಉದ್ಯೋಗ ಬಂತು.

ಉದ್ಯೋಗ ಕೊಟ್ಟವರು ಗೌಸ್ ಸಾಬರು. ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಒರಗಿದಂತೆ ಅವರದೊಂದು ಪೆಟ್ಟಿಗೆ ಅಂಗಡಿ. ಒಂದು ಕಡೆ ಛತ್ರಿ ರಿಪೇರಿ, ಇನ್ನೊಂದು ಕಡೆ ಗಾಳದ ಸಾಮಾನು. ಎರಡಕ್ಕೂ ಸಂಬಂಧವೇನು ಎಂದು ಕೇಳಿದವರಿಗೆ ಅವರು ಆಕಾಶದ ಕಡೆ ಬೆರಳು ತೋರಿಸುತ್ತಿದ್ದರು. ಮೊದಲ ಮಳೆ ಬಿದ್ದರೆ ಅರ್ಧ ಊರು ನೆನೆಯಬಾರದೆಂದು ಅವರ ಹತ್ತಿರ ಬರುತ್ತಿತ್ತು, ಉಳಿದರ್ಧ ನೆನೆಯಬೇಕೆಂದೇ ಬರುತ್ತಿತ್ತು.

ಅವರು ನನ್ನನ್ನು ಅಂಗೈ ಉದ್ದಕ್ಕೆ ಕತ್ತರಿಸಿದರು. ಎರಡೂ ತುದಿಯನ್ನು ಮೇಣದಿಂದ ಮುಚ್ಚಿದರು. ಛತ್ರಿಗೆ ಹೊಲಿಗೆ ಹಾಕುವ ಕರಿ ದಾರವನ್ನು ಸೊಂಟಕ್ಕೆ ಸುತ್ತಿದರು. ನೆತ್ತಿಗೆ ಮಗಳ ಉಗುರುಬಣ್ಣ ಬಳಿದರು. ಕೆಂಪಗೆ, ಮದುಮಗಳ ಹಾಗೆ ಇದ್ದೆ. ಆಮೇಲೆ ಒಂದು ಬಕೆಟ್ಟಿನಲ್ಲಿ ನೀರು ತಂದು ಹೆಬ್ಬೆರಳಿನಿಂದ ನನ್ನ ನೆತ್ತಿ ಒತ್ತಿ ಪೂರಾ ಮುಳುಗಿಸಿ ಹಿಡಿದರು.

ಗುಳ್ಳೆ ಏಳುತ್ತದೋ ಎಂದು ನೋಡುತ್ತಿದ್ದರಂತೆ. ನನಗೇನು ಗೊತ್ತು. ಹುಟ್ಟಿದ ದಿನವೇ ಸಾಯಿಸುತ್ತಿದ್ದಾರೆ ಅಂದುಕೊಂಡೆ. ಬೆರಳು ತೆಗೆದದ್ದೇ ಚಿಮ್ಮಿ ಮೇಲೆ ಬಂದೆ. ಆವತ್ತು ಹೊಕ್ಕ ಹೆದರಿಕೆ ಈವತ್ತಿಗೂ ನನ್ನೊಳಗೇ ಇದೆ. ನನ್ನೊಳಗೆ ಇರುವುದು ಬರೀ ಗಾಳಿ, ಆದ್ದರಿಂದ ಅದಕ್ಕೆ ಜಾಗ ಬೇಕಾದಷ್ಟು.

ನನ್ನನ್ನು ಕೊಂಡವರು ಬೋರಲಿಂಗಯ್ಯನವರು. ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುವ ವಿಭಾಗದಲ್ಲಿದ್ದು ಆ ವರ್ಷವೇ ನಿವೃತ್ತರಾಗಿದ್ದರು. ಕೈ ಸುಮ್ಮನಿರಲಿಲ್ಲ. ಯಾರೋ ಮೀನು ಹಿಡಿಯಿರಿ, ಮನಸ್ಸಿಗೆ ಶಾಂತಿ ಎಂದಿದ್ದರು. ಒಂದರೊಳಗೊಂದು ಸೇರುವ ಫೈಬರ್ ಕೋಲು, ಹೊಳೆಯುವ ರೀಲು, ಮಡಚುವ ಸ್ಟೂಲು, ಗಲ್ಲಕ್ಕೆ ದಾರ ಕಟ್ಟುವ ಟೋಪಿ, ಮೈತುಂಬ ಜೇಬಿದ್ದ ಅಂಗಿ, ಎಲ್ಲವನ್ನೂ ಹೊಂದಿಸಿಕೊಂಡ ಮೇಲೆ ಕೊನೆಗೆ ನೆನಪಾದವನು ನಾನು. ಒಂದು ಜಿಲೇಬಿ ಮೀನಿನ ಮೇಲೆ ಅಷ್ಟು ದೊಡ್ಡ ದಂಡಯಾತ್ರೆ ಹೊರಟಿತ್ತು.

"ನೋಡಿ ಯಜಮಾನ್ರೆ," ಎಂದು ಗೌಸ್ ಸಾಬರು ಸೈಕಲ್ಲಿನ ವಾಲ್‌ಟ್ಯೂಬಿನ ಎರಡು ರಬ್ಬರ್ ಚೂರಿನಿಂದ ನನ್ನನ್ನು ದಾರಕ್ಕೆ ಸಿಕ್ಕಿಸಿ ತೋರಿಸಿದರು. "ಸೀಸದ ಗುಂಡು ತಳದಲ್ಲಿ ಕೂತಿರ್ತದೆ. ದಾರ ನೀರಿನ ಆಳಕ್ಕೆ ಸರಿಯಾಗಿದ್ರೆ ಇವ್ನು ನೆಟ್ಟಗೆ ನಿಲ್ತಾನೆ. ಉದ್ದ ಆಯ್ತೋ, ಅಡ್ಡ ಮಲಗ್ತಾನೆ. ಗಿಡ್ಡ ಆಯ್ತೋ, ಗುಂಡು ಇವ್ನ ಕಾಲು ಹಿಡ್ದು ನೀರೊಳಗೇ ಇಟ್ಕೋತದೆ. ಆವಾಗ ಇವ್ನ ವಸಿ ಮೇಲಕ್ಕೆ ಸರ್ಸಿ."

"ಮೀನು ಕಚ್ಚಿದ್ದು ಹೆಂಗ್ ಗೊತ್ತಾಯ್ತದೆ?"

"ಮುಳುಗ್ತಾನೆ. ಅದೇ ಇವ್ನ ಕೆಲ್ಸ."

ಬೋರಲಿಂಗಯ್ಯ ತಲೆಯಾಡಿಸಿದರು. ನನ್ನ ಕೆಲಸ ಏನೆಂದು ನನಗೆ ಗೊತ್ತಾದದ್ದೂ ಆಗಲೇ.

ಮುಂಗಾರಿನ ಆರಂಭ. ಹೊಸ ನೀರಿಗೆ ಮೀನು ಮೇಲೇಳುತ್ತದೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ಮೊದಲ ದಿನ ಕೆರೆಯ ಏರಿಯ ಮೇಲೆ ನಿಂತು ಬೋರಲಿಂಗಯ್ಯ ಬೀಸಿದ ಬೀಸಿಗೆ ನಾನು ನೀರನ್ನೇ ನೋಡದೆ ಹಿಂದಿದ್ದ ಹೊಂಗೆ ಮರ ಸೇರಿದೆ. ಅಲ್ಲಿ ಕಾಗೆಯೊಂದು ಮಧ್ಯಾಹ್ನವೆಲ್ಲ ನನ್ನ ಕೆಂಪು ನೆತ್ತಿಯನ್ನು ಹಣ್ಣೆಂದು ಕುಕ್ಕಿತು. ಎರಡನೆಯ ಸಲ ಬಿದ್ದದ್ದು ನೀರಿಗೇ, ಆದರೆ ಜೊಂಡಿನೊಳಗೆ. ಎಮ್ಮೆಯೊಂದು ಮೂಗು ತಂದು ನನ್ನನ್ನು ಮೂಸಿ, ಬಿಸಿ ಉಸಿರು ಬಿಟ್ಟು ಹೋಯಿತು. ಮೀನುಗಳ ವಿಷಯ ಹೇಳುವುದಾದರೆ, ಅವು ಎರೆಹುಳುವನ್ನು ಸುತ್ತಲಿಂದ ನಾಜೂಕಾಗಿ ತಿಂದು ಗಾಳವನ್ನು ತೊಳೆದಿಟ್ಟು ಹೋಗುತ್ತಿದ್ದವು. ಅವು ಪ್ರತಿ ಸಲ ನನ್ನನ್ನು ಒಂದಿಷ್ಟು ಜಗ್ಗಿದಾಗಲೂ ನನಗೆ ಬಕೆಟ್ಟಿನ ಹೆಬ್ಬೆರಳು ನೆನಪಾಗುತ್ತಿತ್ತು.

ನಾನಿರುವ ಜಾಗದಿಂದ ನೋಡಿದರೆ ಮನುಷ್ಯರೆಂದರೆ ಗಲ್ಲ ಮತ್ತು ಮೂಗಿನ ಹೊಳ್ಳೆ. ಬೋರಲಿಂಗಯ್ಯನವರ ಗಲ್ಲ ದಿನದಿನಕ್ಕೆ ಜೋಲುತ್ತಿತ್ತು. ಬರಿಗೈಲಿ ಮನೆಗೆ ಹೋದರೆ ಹೆಂಡತಿ ದೇವೀರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು.

"ಮೀನಿಗೆ ಒಗ್ಗರಣೆ ಹಾಕ್ಲಾ, ಇಲ್ಲ ಬರೀ ಉಪ್ಸಾರೇ ಸಾಕಾ?"

"ಕಚ್ತು ಕನಮ್ಮಿ. ತಪ್ಪುಸ್ಕತು."

"ದಿನಾ ತಪ್ಪುಸ್ಕಳೋ ಮೀನು ಒಂದೇನೋ, ಬೇರೆ ಬೇರೇನೋ?"

ಆ ಮನೆಯಲ್ಲಿ ಒಂದು ಪದ್ಧತಿ. ಕಾರ್ಖಾನೆಯ ಸೈರನ್ನು ಆದರೆ ಊಟ. ಬೋರಲಿಂಗಯ್ಯ ಕೆಲಸದಲ್ಲಿದ್ದ ಅಷ್ಟೂ ವರ್ಷ ಆ ಕೂಗಿಗೆ ಡಬ್ಬಿ ಬಿಚ್ಚಿದವರು, ದೇವೀರಮ್ಮ ಆ ಕೂಗಿಗೇ ತಟ್ಟೆ ಹಾಕಿದವರು. ಕಬ್ಬು ಅರೆದು ಮುಗಿದು ಕಾರ್ಖಾನೆ ಬಾಗಿಲು ಹಾಕಿದ ತಿಂಗಳುಗಳಲ್ಲಿ ಸೈರನ್ನೂ ಇರುವುದಿಲ್ಲ. ಆಗ ಇಬ್ಬರಿಗೂ ಹಸಿವಾದದ್ದು ಸರಿಯಾಗಿ ತಿಳಿಯುವುದಿಲ್ಲ, ಹೊತ್ತಲ್ಲದ ಹೊತ್ತಿಗೆ ಉಂಡು ಹೊಟ್ಟೆ ಉಬ್ಬರಿಸಿಕೊಳ್ಳುತ್ತಾರೆ. ಆ ಮುಂಗಾರಿನಲ್ಲೂ ಕಾರ್ಖಾನೆ ಮುಚ್ಚಿಯೇ ಇತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಅವರು ಮರೆತರು.

ಕೆರೆ ಬೇಡ, ಹೊಳೆಯೇ ಸರಿ ಎಂದು ಬೋರಲಿಂಗಯ್ಯ ತೀರ್ಮಾನಿಸಿದ ದಿನ ದೇವೀರಮ್ಮನೂ ಹೊರಟರು. ಮಳೆ ಹಿಡಿದುಕೊಳ್ಳುವ ಮುಂಚೆ ಮನೆಯ ಉದ್ದನೆಯ ಜಮಖಾನ ಒಗೆಯಬೇಕಿತ್ತು. ಗಂಡ ಏನು ಹಿಡಿಯುತ್ತಾರೆಂದು ನೋಡುವ ಆಸೆಯೂ ಇತ್ತು. ಅವರು ದಡದ ಕಲ್ಲಿನ ಮೇಲೆ ಸೋಪು ಇಟ್ಟು ಜಮಖಾನ ನೆನೆಸಿದರು. ಬೋರಲಿಂಗಯ್ಯ ಪಾದ ಮುಳುಗುವಷ್ಟು ನೀರಿನಲ್ಲಿ ಕಲ್ಲಿಂದ ಕಲ್ಲಿಗೆ ಹೆಜ್ಜೆಯಿಟ್ಟು, ಹೊಳೆಯ ಒಳಗಿದ್ದ ಹಾಸುಬಂಡೆಗೆ ಹೋಗಿ ಸ್ಟೂಲು ಬಿಚ್ಚಿ ಕೂತರು. ಗಾಳಕ್ಕೆ ರಾಗಿ ಮುದ್ದೆಯ ಉಂಡೆ ಸಿಕ್ಕಿಸಿ, ಮೊದಲ ಬಾರಿಗೆ ಬೀಸಬೇಕಾದಲ್ಲಿಗೇ ಬೀಸಿದರು.

ಗುಂಡು ತಳ ಮುಟ್ಟಿತು. ನಾನು ನೆಟ್ಟಗೆ ನಿಂತೆ. ತಿಳಿ ನೀರು, ಬೆನ್ನಿಗೆ ಬಿಸಿಲು, ದಡದಲ್ಲಿ ಜಮಖಾನ ಬಡಿಯುವ ದಪ್ ದಪ್ ಸದ್ದು. ಇಷ್ಟೇ ಆದರೆ ಈ ಉದ್ಯೋಗವನ್ನೂ ಮಾಡಬಹುದು ಎಂದುಕೊಂಡೆ.

ಆಗ ಸೈರನ್ನು ಕೂಗಿತು. ದೂರದಿಂದ, ಎಳೆದು ಎಳೆದು, ಮೇಲಿನ ಅಣೆಕಟ್ಟಿನ ಕಡೆಯಿಂದ.

ದೇವೀರಮ್ಮ ತಲೆಯನ್ನೂ ಎತ್ತದೆ ಕೂಗಿದರು. "ಸೈರನ್ ಆಯ್ತು. ಉಣ್ಣಿ."

ಬೋರಲಿಂಗಯ್ಯ ಆಗಲೇ ಕೋಲನ್ನು ಬಂಡೆಯ ಸೀಳಿಗೆ ಸಿಕ್ಕಿಸಿ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದರು.

ಗುಡ್ಡದ ಕಡೆ ಮಳೆಯಾಗಿತ್ತು, ಅಣೆಕಟ್ಟೆಯವರು ಹೊಳೆಗೆ ನೀರು ಬಿಡುತ್ತಿದ್ದರು. ಸೈರನ್ನು ಕೂಗಿಸಿದ್ದು ಹೊಳೆಯಲ್ಲಿದ್ದವರೆಲ್ಲ ಎದ್ದು ಹೋಗಲಿ ಎಂದು. ದಡದಲ್ಲಿದ್ದ ಆಡು ಕೂಡ ಎದ್ದು ಹೋಯಿತು. ನಮ್ಮ ಯಜಮಾನರು ಮುದ್ದೆ ಮುರಿದರು.

ಮೊದಲು ನನಗೆ ತಿಳಿದದ್ದು ತಂಪು. ಸೊಂಟದವರೆಗಿದ್ದ ನೀರು ಬೇರೆಯದೇ ನೀರಾಯಿತು. ಆಮೇಲೆ ನೊರೆಯ ತುಣುಕು, ಕಸ, ಒಂದು ಒಣ ಕಡ್ಡಿ ನನ್ನನ್ನು ಉಜ್ಜಿಕೊಂಡು ಹೋದವು. ದಾರ ಬಿಗಿಯಿತು. ಗುಂಡು ತಳದಲ್ಲಿ ನನ್ನ ಕಾಲು ಹಿಡಿದಿತ್ತು, ನೀರು ಮೇಲೇರುತ್ತಿತ್ತು. ಎದೆ, ಕುತ್ತಿಗೆ, ಕೆಂಪು ನೆತ್ತಿ. ಮುಳುಗಿದೆ.

"ಕಚ್ತು!" ಎಂದು ಬೋರಲಿಂಗಯ್ಯ ಎಂಜಲು ಕೈಯಲ್ಲೇ ಕೋಲು ಎತ್ತಿದರು. ಗಾಳದಲ್ಲಿ ಮುದ್ದೆ ಹಾಗೇ ಇತ್ತು. ಅವರು ಗೌಸ್ ಸಾಬರ ಮಾತು ನೆನೆದು ನನ್ನನ್ನು ಒಂದು ಗೇಣು ಮೇಲಕ್ಕೆ ಸರಿಸಿ ಮತ್ತೆ ಬಿಟ್ಟರು. ನಿಂತೆ. ಒಂದು ತುತ್ತು ಉಣ್ಣುವಷ್ಟರಲ್ಲಿ ಮತ್ತೆ ಮುಳುಗಿದೆ. ಮತ್ತೆ ಸರಿಸಿದರು.

ನನಗೆ ಬಾಯಿಲ್ಲ. ಇರುವುದು ಒಂದೇ ಮಾತು, ಮುಳುಗುವುದು. ಜನ್ಮದಲ್ಲಿ ಯಾವುದಕ್ಕೆ ಹೆದರಿದ್ದೆನೋ ಅದನ್ನೇ ಮಾಡಿ ಮಾಡಿ ಹೇಳುತ್ತಿದ್ದೆ: ಏಳಯ್ಯಾ, ಏಳು.

"ದೊಡ್ಡ ಮೀನು ಆಟ ಆಡುಸ್ತಾ ಅದೆ ಕನಮ್ಮಿ. ಇವತ್ತು ಒಗ್ಗರಣೆಗೆ ರೆಡಿ ಮಾಡ್ಕೊ."

"ಮುಳುಗಿದ್ದು ಯಾಕ್ರೀ ಮೇಲ್ ಬರ್ತಿಲ್ಲ? ಮೀನಾದ್ರೆ ಬಿಟ್ಟು ಬಿಟ್ಟು ಎಳೀಬೇಕಲ್ವಾ?" ಎನ್ನುತ್ತ ದೇವೀರಮ್ಮ ಸೋಪಿಗೆ ಕೈ ಚಾಚಿದರು. ಸೋಪು ಇರಲಿಲ್ಲ. ಸೋಪು ಇಟ್ಟ ಕಲ್ಲೂ ಇರಲಿಲ್ಲ. ಅವರು ಕಲ್ಲಿದ್ದ ಜಾಗ ನೋಡಿದರು, ನಾನಿದ್ದ ಜಾಗ ನೋಡಿದರು. ಜಮಖಾನದ ಸದ್ದು ನಿಂತಿತು.

"ಬೆಂಡು ಮುಳುಗ್ತಿಲ್ಲ ಕನ್ರೀ," ಎಂದರು. ದನಿ ಸಣ್ಣದಾಗಿತ್ತು. "ಹೊಳೆ ಏರ್ತಾ ಅದೆ. ಫ್ಯಾಕ್ಟ್ರಿ ಮುಚ್ಚಿ ಎಷ್ಟು ದಿನ ಆಯ್ತು? ಯಾವ ಸೈರನ್ನಿಗೆ ಉಣ್ತಾ ಕೂತಿದ್ದೀರಿ ನೀವು?"

ಬೋರಲಿಂಗಯ್ಯನವರ ಗಲ್ಲ ಅರ್ಧ ಅಗಿದಲ್ಲಿ ನಿಂತಿತು. ತಿರುಗಿ ನೋಡಿದರು. ಬಂಡೆಗೂ ದಡಕ್ಕೂ ನಡುವೆ ಕೆಂಪು ನೀರು ಸುಳಿಸುಳಿಯಾಗಿ ಹರಿಯುತ್ತಿತ್ತು.

"ಕಲ್ಲೆಲ್ಲೋದೋ ಅಮ್ಮಿ?"

"ಇದ್ದಲ್ಲೇ ಅವೆ. ನೀರು ಅವುಗಳ ಮೇಲದೆ. ಬನ್ನಿ ಈಚ್ಗೆ."

"ನಂಗೆ ಈಜು ಬರಲ್ಲ."

"ಮದ್ವೆ ಆದಾಗ್ಲಿಂದ ಗೊತ್ತು. ಇದ ಹಿಡ್ಕಳಿ."

ದೇವೀರಮ್ಮ ಜಮಖಾನದ ಒಂದು ತುದಿಯನ್ನು ದಡದ ಮರದ ಬೇರಿಗೆ ಸುತ್ತಿ, ಇನ್ನೊಂದು ತುದಿಯನ್ನು ಗಂಟು ಹಾಕಿ ಗಂಡನ ಕಡೆ ಎಸೆದರು. ಮೊದಲ ಸಲ ನೀರಿಗೆ ಬಿತ್ತು. ಎಳೆದುಕೊಂಡು ಮತ್ತೆ ಎಸೆದರು. ಬೋರಲಿಂಗಯ್ಯ ಹಿಡಿದರು. ಸ್ಟೂಲು ಆಗಲೇ ತೇಲಿಹೋಗಿತ್ತು. ಅವರು ನೀರಿಗಿಳಿದರು, ತೊಡೆ, ಸೊಂಟ. ಒಂದು ಕೈಯಲ್ಲಿ ಜಮಖಾನ. ಇನ್ನೊಂದು ಕಂಕುಳಲ್ಲಿ, ನಂಬಿ, ಕೋಲು.

ಗುಂಡು ತಳದ ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ನಡುದಾರಿಯಲ್ಲಿ ದಾರ ಬಿಗಿಯಿತು, ರೀಲು ಕಚ್ಚಿಕೊಂಡಿತು, ಕೋಲು ಯಜಮಾನರನ್ನು ಹಿಂದಕ್ಕೆ ಜಗ್ಗಿತು. ಒಂದು ಕಡೆ ಕಲ್ಲು, ಒಂದು ಕಡೆ ಮನುಷ್ಯ, ನಡುವೆ ನಾನು. ನನ್ನಿಂದಲೇ ಇವರು ಹೋಗುತ್ತಾರೆ ಅನ್ನಿಸಿತು. ಹೊಳೆಯ ಹೆದರಿಕೆಗಿಂತ ಆ ಹೆದರಿಕೆ ದೊಡ್ಡದಿತ್ತು.

"ಏನೋ ಎಳೀತಾ ಅದೆ ಕನಮ್ಮಿ," ಎಂದರು ಬೋರಲಿಂಗಯ್ಯ, ಆಗಲೂ. "ದೊಡ್ಡದೇ ಇರ್ಬೇಕು."

"ನೀವೇ ಮೀನಾಗಿದ್ದೀರಿ. ಬುಡಿ ಆ ಕೋಲ."

ಅವರು ಕೋಲು ನೋಡಿದರು, ಹೆಂಡತಿಯನ್ನು ನೋಡಿದರು. ದೇವೀರಮ್ಮ ಬೇರಿಗೆ ಕಾಲು ಕೊಟ್ಟು, ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ಸುರಿಸುತ್ತ ಜಮಖಾನ ಎಳೆಯುತ್ತಿದ್ದರು. ಆ ಮುಖವನ್ನು ಅವರು ಅದಕ್ಕೆ ಮುಂಚೆ ಕಂಡಿರಲಿಲ್ಲವೋ ಏನೋ. ಕಂಕುಳು ಸಡಿಲಿತು. ಕೋಲು ನೀರಿಗೆ ಬಿತ್ತು. ನಾನು ನೋಡಿದ ಕೊನೆಯ ದೃಶ್ಯವೆಂದರೆ, ಬೋರಲಿಂಗಯ್ಯ ನಾಲ್ಕು ಕಾಲಲ್ಲಿ ದಡ ಹತ್ತುತ್ತಿರುವುದು, ದೇವೀರಮ್ಮ ಅವರ ಬೆನ್ನಿಗೆ ಗುದ್ದುತ್ತ ಅಳುತ್ತಿರುವುದು.

ಆಮೇಲೆ ಕತ್ತಲೆ. ಹೊಳೆಯ ತಳ ಹೇಗಿರುತ್ತದೆಂದು ಬೆಂಡುಗಳಿಗೆ ಗೊತ್ತಿರಬಾರದು, ನನಗೆ ಗೊತ್ತು. ಮೇಲೆ ಕಲ್ಲುಗಳು ಉರುಳುವ ಸದ್ದು ಗುಡುಗಿನಂತೆ ಕೇಳುತ್ತದೆ. ಮೇಣದ ಅಂಚಿನಿಂದ ನೀರು ಸೂಜಿಯಷ್ಟು ಒಳಗೆ ಬಂತು, ಇನ್ನೂ ಬರುತ್ತದೋ ಎಂದು ಕಾಯುತ್ತಿದ್ದೆ. ಹೆದರಿಕೆಗೂ ದಣಿವಾಗುತ್ತದೆ ಎಂದು ಕೇಳಿದ್ದೆ. ಸುಳ್ಳು, ನನ್ನದು ದಣಿಯಲಿಲ್ಲ.

ಹೊಳೆ ಇಳಿದ ಮೇಲೆ ಇಬ್ಬರೂ ಬಂದರು. ಬೋರಲಿಂಗಯ್ಯ ದಡದಲ್ಲೇ ನಿಂತರು. ಬಂಡೆಗಳ ಸಂದಿಯಿಂದ ಕೋಲು ಎಳೆದವರು ದೇವೀರಮ್ಮ. ರೀಲಿನ ತುಂಬ ಮರಳು. ಅವರು ದಾರವನ್ನು ಹಲ್ಲಿನಿಂದ ಕಡಿದು, ನನ್ನನ್ನೂ ಗುಂಡನ್ನೂ ಸೆರಗಿನಲ್ಲಿ ಕಟ್ಟಿಕೊಂಡರು.

"ಅದ್ಯಾಕೆ?" ಎಂದರು ಯಜಮಾನರು.

"ನಿಮ್ಗಿಂತ ಇದು ವಾಸಿ. ನೀರು ಬಂದ್ರೆ ಹೇಳ್ತದೆ."

ಕೋಲು ಅಟ್ಟ ಸೇರಿತು. ಮೀನು ಈಗ ಸಂತೆಯಿಂದ ಬರುತ್ತದೆ. ಮತ್ತೆ ಕಬ್ಬು ಅರೆಯುವ ಕಾಲ ಬಂದು ಕಾರ್ಖಾನೆಯ ಸೈರನ್ನು ಆದಾಗ ಬೋರಲಿಂಗಯ್ಯ ಮಂಚದ ಮೇಲೆ ತಟ್ಟೆ ಇಟ್ಟುಕೊಂಡು ಕೂತವರು ಮೊದಲು ಕಾಲೆರಡನ್ನೂ ನೆಲದಿಂದ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ದೇವೀರಮ್ಮ ನಗುವುದಿಲ್ಲ. ಅವರ ಕೈಯಲ್ಲೂ ಸೌಟು ಒಂದು ಗಳಿಗೆ ನಿಂತಿರುತ್ತದೆ.

ನನ್ನ ಉಗುರುಬಣ್ಣ ಚಕ್ಕೆಯೆದ್ದಿದೆ. ಸೊಂಟದ ಕರಿ ದಾರ ಬಿಳಿಚಿದೆ. ಈಗ ನಾನಿರುವುದು ಮನೆಯ ಮುಂದಿನ ನೆಲದೊಳಗಿನ ನೀರಿನ ತೊಟ್ಟಿಯಲ್ಲಿ. ಬೋರಲಿಂಗಯ್ಯ ತೊಟ್ಟಿ ತುಂಬಿಸಲು ಕೊಳವೆಬಾವಿಯ ಮೋಟಾರು ಹಾಕಿ ಪೇಪರು ಓದುತ್ತ ಮರೆತುಬಿಡುತ್ತಿದ್ದರು, ತೊಟ್ಟಿ ತುಂಬಿ ಬೀದಿಯೆಲ್ಲ ನೀರಾಗುತ್ತಿತ್ತು, ಎದುರು ಮನೆಯವರು ಜಗಳಕ್ಕೆ ಬರುತ್ತಿದ್ದರು. ದೇವೀರಮ್ಮ ನನಗೆ ಗುಂಡು ಕಟ್ಟಿ, ದಾರ ಅಳೆದು ಒಳಗೆ ಬಿಟ್ಟರು. ನೀರು ಕಡಿಮೆಯಿದ್ದಾಗ ಅಡ್ಡ ಮಲಗಿರುತ್ತೇನೆ. ಸಾಕಷ್ಟು ತುಂಬಿದರೆ ಮುಳುಗುತ್ತೇನೆ. ಆಗ ಮೋಟಾರು ಆರಿಸಬೇಕು.

ದಿನಾ ಬೆಳಿಗ್ಗೆ ಮೋಟಾರು ಗುರುಗುಟ್ಟುತ್ತದೆ. ಮಲಗಿದ್ದವನು ಏಳುತ್ತೇನೆ. ನೆಟ್ಟಗೆ ನಿಲ್ಲುತ್ತೇನೆ. ದಾರ ಬಿಗಿಯುತ್ತದೆ. ಇಷ್ಟು ವರ್ಷವಾದರೂ ಅಭ್ಯಾಸವಾಗಿಲ್ಲ, ನೀರು ಕುತ್ತಿಗೆಗೆ ಬರುವಾಗ ಒಳಗಿನ ಗಾಳಿಯೆಲ್ಲ ನಡುಗುತ್ತದೆ. ನೆತ್ತಿ ಮುಳುಗುವ ಹೊತ್ತಿಗೆ ಮೇಲೆ ಬೆಳಕಿನ ಚೌಕವೊಂದೇ ಕಾಣುತ್ತದೆ. ಅದರಲ್ಲಿ ಯಾರೂ ಇರುವುದಿಲ್ಲ.

ಆಮೇಲೆ ಒಂದು ಗಲ್ಲ, ಮೂಗಿನ ಹೊಳ್ಳೆ.

"ಮುಳುಗ್ತು ಕನ್ರೀ. ಆರ್ಸಿ."

ಟಪ್ ಎಂದು ಸ್ವಿಚ್ಚಿನ ಸದ್ದಾಗುತ್ತದೆ. ನೀರು ಇದ್ದಲ್ಲೇ ನಿಲ್ಲುತ್ತದೆ. ಅದರ ಕೆಳಗೆ, ಒಂದು ಬೆರಳಿನಷ್ಟು ಆಳದಲ್ಲಿ, ಯಾರಾದರೂ ಒಂದು ಬಿಂದಿಗೆ ತುಂಬಿಕೊಳ್ಳಲಿ ಎಂದು ಕಾಯುತ್ತಿರುತ್ತೇನೆ.