ಅಚ್ಚಿಗೆ ಹಿಡಿದ ಹಲ್ಲು

ಕಿಟಕಿಯ ಕೆಳಗಿನ ಮೇಜಿನ ಮೇಲೆ ಒಂದು ಬಾಯಿ ಇದೆ. ಬಿಳಿ ಪ್ಲಾಸ್ಟರಿನ ಬಾಯಿ. ಕೆನ್ನೆಯಿಲ್ಲ, ತುಟಿಯಿಲ್ಲ, ನಾಲಿಗೆಯಿಲ್ಲ. ಅಂಗುಳಿನ ಸಣ್ಣ ಸಣ್ಣ ಮಡಿಕೆಗಳು, ಮರಳಿನ ಮೇಲೆ ನೀರು ಬಿಟ್ಟುಹೋದ ಗೆರೆಗಳಂತೆ, ಒಂದೂ ಅಳಿಯದೆ ಉಳಿದಿವೆ. ಅದರ ಮೇಲೆ ಗುಲಾಬಿ ಒಸಡಿನ ಹಲ್ಲುಸೆಟ್ಟು ಕೂದಲೆಳೆಯೂ ತೂರದಷ್ಟು ಬಿಗಿಯಾಗಿ ಕೂತಿದೆ. ಪಕ್ಕದಲ್ಲಿ ಮೇಣದ ಚೂರು, ಆರಿಸಿಟ್ಟ ಸ್ಪಿರಿಟ್ ದೀಪ, ಬಟ್ಟಲಿನಲ್ಲಿ ಸ್ವಲ್ಪ ನೀರು. ಬೆಳಗಿನ ಬೆಳಕು ಮುಂದಿನ ಹಲ್ಲುಗಳ ಅಂಚಿಗೆ ಬಂದು ನಿಂತಿದೆ. ಯಾರೋ ಮಾತಾಡಹೊರಟು, ಬೇಡವೆಂದು ಸುಮ್ಮನಾದಂತೆ.

ಅದು ಅಕ್ಕನ ಬಾಯಿಯ ಅಚ್ಚು. ಸೆಟ್ಟು ಕಟ್ಟಿದವನು ಅವಳ ತಮ್ಮ. ಊರಿನ ಅರ್ಧ ಮುದುಕರು ನಗುತ್ತಿದ್ದುದು ಅವನ ಕೈಗುಣದಿಂದ. ಎಲ್ಲರ ಬಾಯಲ್ಲೂ ಅವನು ಹಲ್ಲಯ್ಯ. ತಾಯಿ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ಅವನನ್ನು ಸಾಕಿದವಳು ಅಕ್ಕ. ಈಗ ಇಬ್ಬರೂ ಮುದಿತನದ ಹೊಸ್ತಿಲು ದಾಟಿ, ಒಂದೇ ಮನೆಯಲ್ಲಿ, ಒಂದೇ ಮೇಜಿನ ಎದುರುಬದುರು ಕೂತು ಉಣ್ಣುವವರು.

ಉಣ್ಣುತ್ತಿದ್ದವರು ಎನ್ನಬೇಕು. ಅವನು ಕಟ್ಟಿಕೊಟ್ಟ ಹಲ್ಲು ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಮಾತಿನ ನಡುವೆ ಜಾರುತ್ತಿತ್ತು, ಒಸಡನ್ನು ಕೆರೆದು ಹುಣ್ಣು ಮಾಡುತ್ತಿತ್ತು. ಒಂದಾದ ಮೇಲೊಂದು ಸೆಟ್ಟು ಕಟ್ಟಿದ್ದಾಯಿತು.

“ದಾರದ ತುದಿ ನೆನೆಸೋಕೂ ಬಾಯಲ್ಲಿ ಪಸೆ ಇಲ್ಲ ಕಣೋ” ಎಂದು ಅವಳು ಒಮ್ಮೆ ಹೇಳಿದ್ದಳು. ಅದನ್ನವನು ವಯಸ್ಸಿನ ತಲೆಗೆ ಕಟ್ಟಿದ.

ಕೊನೆಯ ಸೆಟ್ಟು ಮುಗಿದ ದಿನ ಅವಳನ್ನು ಕರೆದು ಕೂರಿಸಿದ. ಅಚ್ಚಿಗೆ ಬಟ್ಟಲಿನ ನೀರು ಸವರಿ, ಸೆಟ್ಟನ್ನು ಒತ್ತಿ, ತಲೆಕೆಳಗು ಮಾಡಿ ಹಿಡಿದ. ಬೀಳಲಿಲ್ಲ. ಕೆಲಸ ಕಲಿಸಿದ ಗುರು ಹೀಗೇ ತೋರಿಸುತ್ತಿದ್ದ. ಹೀಗೆ ತೋರಿಸದೆ ಹಲ್ಲಯ್ಯ ಯಾರಿಗೂ ಹಲ್ಲು ಕೊಟ್ಟವನಲ್ಲ.

“ನೋಡಕ್ಕ, ಕಲ್ಲಿಗೂ ಹಿಡಿಯುತ್ತೆ, ನಿನಗೆ ಮಾತ್ರ ಹಿಡಿಯಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.”

“ಹಾಗಾದ್ರೆ ಆ ಕಲ್ಲಿಗೇ ಊಟ ಬಡಿಸು” ಎಂದು ಅಕ್ಕ ಎದ್ದುಹೋದಳು.

ಅಂದಿನಿಂದ ಅವಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡು, ಕುಡಿಯಲಾಗುವಂಥದ್ದನ್ನಷ್ಟೇ ಕುಡಿದು ದಿನ ದೂಡಿದಳು. ಅವಳು ಮತ್ತೆ ಎದುರು ಬಂದು ಕೂರಬೇಕು. ಹಲ್ಲಯ್ಯನಿಗೆ ಬೇಕಿದ್ದದ್ದು ಅಷ್ಟೇ. ಅದಕ್ಕೆ ಅವನಿಗೆ ತಿಳಿದಿದ್ದ ದಾರಿ ಒಂದೇ: ತನ್ನದು ಸರಿ ಎಂದು ತೋರಿಸುವುದು. ಕಿವಿಯ ಕೆಳಗೆ ಊತ ಕಾಣಿಸಿ ಅವಳು ಆಸ್ಪತ್ರೆಗೆ ಒಪ್ಪಿದಾಗ, ಸೆಟ್ಟನ್ನೂ ಅಚ್ಚನ್ನೂ ಸಾಕ್ಷಿಯಂತೆ ಚೀಲಕ್ಕೆ ಹಾಕಿಕೊಂಡು ಹಿಂದೆ ಹೊರಟ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಕಡಿಮೆ. ಮೊದಲ ಭೇಟಿಯಲ್ಲೇ ಅಕ್ಕನ ತುಟಿಯ ಒಳಗಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಳು. ಎರಡನೆಯ ಸಲ ಹೋದಾಗ ಒಂದು ಲೋಟ ಕೊಟ್ಟು, ಬಾಯಲ್ಲಿ ಬಂದಷ್ಟನ್ನೂ ಉಗುಳುತ್ತಿರಲು ಹೇಳಿದಳು. ಅಕ್ಕ ತಲೆ ಬಗ್ಗಿಸಿ ಬಹಳ ಹೊತ್ತು ಕೂತಳು. ಲೋಟದ ತಳ ತುಸು ಮಸುಕಾಯಿತು, ಅಷ್ಟೇ.

“ಇದು ಬಾಯಿ, ಕಣ್ಣು ಎರಡನ್ನೂ ಒಣಗಿಸೋ ಕಾಯಿಲೆ. ಶೋಗ್ರೆನ್ ಅಂತಾರೆ, ಹೆಸರು ಬಿಡಿ. ನಿಮ್ಮ ಜೊಲ್ಲಿನ ಗ್ರಂಥಿಯನ್ನ ನಿಮ್ಮ ಮೈಯೇ ಸುಡ್ತಿದೆ.”

“ತನ್ನ ಮನೆಗೆ ತಾನೇ ಬೆಂಕಿ ಯಾಕಮ್ಮ ಇಟ್ಕೊಳ್ಳತ್ತೆ?” ಎಂದಳು ಅಕ್ಕ.

“ಹುಟ್ಟುವಾಗಲೇ ಒಂದು ಕಾವಲು ಜೊತೆಗೆ ಬಂದಿರತ್ತೆ. ಅದು ಹೆಸರು ಕೇಳಲ್ಲ, ಊರು ಕೇಳಲ್ಲ. ರೋಗಾಣು ಥರ ಏನು ಕಂಡ್ರೂ ಕೂಗು ಹಾಕತ್ತೆ. ಶುರು ಹೇಗಾಯ್ತೋ ಖಚಿತ ಗೊತ್ತಿಲ್ಲ, ಹಳೇ ಸೋಂಕು ಇರಬಹುದು. ಗ್ರಂಥಿಯ ಸತ್ತ ಜೀವಕೋಶಗಳ ಚೂರನ್ನೇ ಕಳ್ಳ ಅಂದ್ಕೊಂಡು ಆ ಕಾವಲು ಕೂಗಿದೆ. ಗ್ರಂಥಿಯ ಗೋಡೆಯೂ ಜೊತೆಗೆ ಕೂಗಿದೆ. ಆ ಕೂಗೇ ಇಂಟರ್‌ಫೆರಾನ್ ಅನ್ನೋ ರಾಸಾಯನಿಕ. ಅದನ್ನ ಕೇಳಿ ಹಿಂದಿನಿಂದ ಪಡೆ ಬಂತು, ಒಳಗೇ ಬಿಡಾರ ಹೂಡ್ತು. ಮನೆ ಉರಿದಷ್ಟೂ ಚೂರು ಜಾಸ್ತಿ. ಚೂರು ಜಾಸ್ತಿಯಾದಷ್ಟೂ ಕೂಗು ಜಾಸ್ತಿ.”

“ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ” ಎಂದಳು ಅಕ್ಕ.

“ಹಾಗೇ. ಆದ್ರೆ ಬೇಲಿಗೆ ಅದು ಗೊತ್ತಿಲ್ಲ. ಕಾಯ್ತಿದೀನಿ ಅಂತಲೇ ಅಂದ್ಕೊಂಡಿದೆ.”

ಹಲ್ಲಯ್ಯನ ಕಿವಿ ಇದರಲ್ಲಿ ತನಗೆ ಬೇಕಾದದ್ದನ್ನಷ್ಟೇ ಆರಿಸಿಕೊಂಡಿತ್ತು. “ಅಂದ್ರೆ ನನ್ನ ಕೆಲಸದಲ್ಲಿ ದೋಷ ಇಲ್ಲ” ಎಂದ. ಚೀಲ ಬಿಚ್ಚಿ, ಮೂಲೆಯ ನಲ್ಲಿಯಲ್ಲಿ ಅಚ್ಚನ್ನು ನೆನೆಸಿ, ಸೆಟ್ಟು ಕೂರಿಸಿ ತಲೆಕೆಳಗು ಹಿಡಿದ. “ನೋಡಿ.”

ಡಾಕ್ಟರಮ್ಮ ಎರಡನ್ನೂ ಅವನ ಕೈಯಿಂದ ತೆಗೆದುಕೊಂಡಳು. ಹತ್ತಿಬಟ್ಟೆಯಿಂದ ಪಸೆಯೆಲ್ಲ ಹೋಗುವಂತೆ ಒತ್ತಿ ಒತ್ತಿ ಒರೆಸಿದಳು. ಮತ್ತೆ ಕೂರಿಸಿ, ಅವನ ಹಾಗೆಯೇ ಹಿಡಿದಳು. ಹಲ್ಲು ಮೇಜಿನ ಮೇಲೆ ಬಿದ್ದು, ಒಮ್ಮೆ ಉರುಳಿ, ಅಂಗಾತ ನಿಂತಿತು.

“ನೀರು ನೀವು ಹಾಕಿದ್ದು, ಅಲ್ವಾ” ಎಂದಳು, ಮೆಲ್ಲಗೆ.

ಹಲ್ಲನ್ನು ಹಿಡಿದು ನಿಲ್ಲಿಸುವುದು ಪಸೆ; ಅವನ ಕಸುಬಿನಲ್ಲಿ ಇದನ್ನು ಅರಿಯದವರಿಲ್ಲ. ಅವನಿಗೂ ಗೊತ್ತಿತ್ತು, ಗೊತ್ತಿದ್ದೂ ತನ್ನ ಒದ್ದೆ ಬೆರಳು ಮಾಡುತ್ತಿದ್ದ ಉಪಕಾರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅಕ್ಕ ಬಿದ್ದ ಹಲ್ಲನ್ನು ನೋಡಲಿಲ್ಲ. ಅವನನ್ನು ನೋಡಿದಳು.

“ಜೊಲ್ಲು ಮೊದಲಿನ ಹಾಗೆ ಬರತ್ತೆ ಅಂತ ನಾನು ಹೇಳಲಾರೆ” ಎಂದಳು ಡಾಕ್ಟರಮ್ಮ. “ಈಗ ಚಿಂತೆ ಆ ಊತದ್ದು. ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗತ್ತೆ. ನಾಳೆ ಬಂದು ಸೇರ್ಕೊಳ್ಳಿ.”

ಮರುದಿನ ಬೆಳಿಗ್ಗೆ ಅಕ್ಕ ಎರಡು ಸೀರೆ, ನೀರಿನ ಬಾಟಲಿ, ಕಣ್ಣಿನ ಹನಿಯ ಸೀಸೆ ಚೀಲಕ್ಕಿಟ್ಟುಕೊಂಡಳು. ಹಲ್ಲಯ್ಯ ಚಪ್ಪಲಿ ಮೆಟ್ಟಿ ಸಿದ್ಧನಾಗಿ ನಿಂತಿದ್ದ.

“ನೀನು ಬರೋದು ಬೇಡ.”

“ಒಬ್ಬಳೇ ಹೇಗಿರ್ತೀಯಕ್ಕ?”

“ಒಬ್ಬಳೇ ಉಣ್ಣೋದು ಕಲಿತೆ. ಇದನ್ನೂ ಕಲೀತೀನಿ.”

“ಅವತ್ತು ಆ ಗಾದೆ ಹೇಳಬಾರದಿತ್ತು.”

“ಗಾದೆ ಬಿಡೋ. ನಾನು ಬಾಯಿ ಒಣಗಿ ಸಾಯ್ತಿದೀನಿ ಅಂದ್ರೆ ನೀನು ಅಚ್ಚು ತೋರಿಸ್ದೆ.” ಅವಳು ಒಂದು ಗುಟುಕು ನೀರು ಕುಡಿದು, ನಾಲಿಗೆ ಹೊರಳುವವರೆಗೆ ಕಾದಳು. “ಅಲ್ಲಿಗೆ ಬಂದ್ರೂ ನೀನು ನನ್ನ ಬಾಯೇ ನೋಡ್ತೀಯ. ನನಗೀಗ ಮುಖ ನೋಡೋರು ಬೇಕು.”

ಇಲ್ಲವೆನ್ನಲು ಅವನು ತಲೆಯೆತ್ತಿದ. ಅವಳ ಕಣ್ಣನ್ನು ನೋಡಬೇಕೆಂದೇ ಎತ್ತಿದ. ಆದರೆ ದೃಷ್ಟಿ, ಇಳಿಜಾರು ಬಲ್ಲ ನೀರಿನಂತೆ, ತಾನೇ ಕೆಳಗಿಳಿಯಿತು: ಒಳಸೇರಿದ ತುಟಿ, ಕುಸಿದ ದವಡೆ, ಸೆಟ್ಟು ಕಟ್ಟುವಾಗ ಇನ್ನೊಂದು ಎಳೆ ಮೇಣ ಏರಿಸಿದ್ದರೆ ತುಟಿ ತುಂಬುತ್ತಿತ್ತೇನೋ.

ಅಕ್ಕ ಅದನ್ನು ಕಂಡಳು. ಸಿಟ್ಟಾಗಲಿಲ್ಲ.

“ಹುಷಾರು ಕಣೋ, ತಮ್ಮ” ಎಂದು ಚೀಲ ಎತ್ತಿಕೊಂಡಳು. ಅವಳು ಹೊರಗೆ ಕಾಲಿಟ್ಟ ಮೇಲೆ ಬಾಗಿಲು ಅವಳ ಹಿಂದೆ ಮೆಲ್ಲಗೆ ಮುಚ್ಚಿಕೊಂಡಿತು.