ಎಂಟುನೂರ ಹನ್ನೆರಡು ಹೆಜ್ಜೆ

ಆಸ್ಪತ್ರೆಯ ಬಟ್ಟೆಗಾಡಿ ತಳ್ಳುವ ಅಕ್ಕನ ಮುಂದೆ, ನೌಕರರ ಆರೋಗ್ಯ ನೋಡಿಕೊಳ್ಳುವ ಅಧಿಕಾರಿ ಒಂದು ಹಾಳೆ ಇಟ್ಟ. ಅವಳ ಹೆಸರಿನ ಎದುರಿಗೆ 'ಜಡ' ಎಂದು ಅಚ್ಚಾಗಿತ್ತು.

ತಿಂಗಳ ಹಿಂದೆ ಎಲ್ಲರ ಮಣಿಕಟ್ಟಿಗೂ ಒಂದೊಂದು ಪಟ್ಟಿ ಬಂದಿತ್ತು. ನಾಡಿ, ನಿದ್ದೆ, ಹೆಜ್ಜೆ ಎಲ್ಲವನ್ನೂ ಎಣಿಸುವ ಪಟ್ಟಿ. ಅಕ್ಕನದು ದಿನಕ್ಕೆ ಸರಾಸರಿ ಎಂಟುನೂರ ಹನ್ನೆರಡು ಹೆಜ್ಜೆ. ಐದು ಸಾವಿರ ಮುಟ್ಟದವರು ಪಾಳಿ ಮುಗಿದ ಮೇಲೆ ಒಂದು ಗಂಟೆ ಹಿಂದಿನ ಅಂಗಳದಲ್ಲಿ ನಡೆಯಬೇಕು. ಒಪ್ಪದವರ ಕೆಲಸಕ್ಕೆ ಭರವಸೆಯಿಲ್ಲ. ಪಾಳಿ ಮುಗಿಯುವಷ್ಟರಲ್ಲಿ ಅಕ್ಕನ ಮೊಣಕಾಲುಗಳು ಊದಿಕೊಂಡಿರುತ್ತಿದ್ದವು.

"ನಿಮ್ಮ ಒಳ್ಳೇದಕ್ಕೇ ಅಕ್ಕಾ. ಇಲ್ಲೊಂದು ಸಹಿ ಹಾಕಿ."

"ನಾಲ್ಕು ಮಹಡಿ, ಹನ್ನೊಂದು ವಾರ್ಡು, ದಿನಕ್ಕೆ ಎರಡು ಸುತ್ತು. ಅದನ್ನೆಲ್ಲ ಯಾರು ನಡೆದಿದ್ದು ಸಾರ್, ನನ್ನ ನೆರಳಾ?"

"ಯಂತ್ರ ಸುಳ್ಳು ಹೇಳಲ್ಲ."

"ಹೇಳತ್ತೆ. ಮೊನ್ನೆ ಕೂತಲ್ಲೇ ದಿಂಬಿನ ಕವರ್ ಕೊಡವಿದೆ. ಅರ್ಧ ಗಂಟೇಲಿ ಸಾವಿರ ಹೆಜ್ಜೆ ಏರಿತ್ತು."

ಲಿಫ್ಟಿನ ಬಾಗಿಲು ಮುಚ್ಚದಂತೆ ಕಾಲು ಅಡ್ಡ ಕೊಟ್ಟು ಕೇಳುತ್ತಿದ್ದ ಲಿಫ್ಟಿನವನು ಬಾಯಿ ಹಾಕಿದ. "ನಾನೂ ದಿನವಿಡೀ ಹತ್ತಿ ಇಳೀತೀನಿ ಸಾರ್, ಸ್ಟೂಲ್ ಮೇಲೆ ಕೂತು. ನನಗೇನಾದ್ರೂ ಬಹುಮಾನ ಇದೆಯಾ?"

ಅಕ್ಕ ನಗಲಿಲ್ಲ. ಕೊಳೆ ಬೆಡ್‌ಶೀಟು ತುಂಬಿದ್ದ ಗಾಡಿಯನ್ನು ಅಧಿಕಾರಿಯ ಕಡೆ ತಿರುಗಿಸಿದಳು. "ನಿಮ್ಮ ಕೈಯಲ್ಲೂ ಅದೇ ಪಟ್ಟಿ ಇದೆಯಲ್ಲ. ತಳ್ಳಿ."

ಗಾಡಿಯ ಒಂದು ಚಕ್ರ ಹಟಮಾರಿ, ಎಡಕ್ಕೇ ಎಳೆಯುತ್ತಿತ್ತು. ಅಧಿಕಾರಿ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕಾರಿಡಾರಿನ ತುದಿ ಮುಟ್ಟಿ ವಾಪಸ್ ಬಂದ. ಜೊತೆಗೇ ನಡೆದ ಅಕ್ಕ ಅವನ ಹೆಜ್ಜೆಗಳನ್ನು ಗಟ್ಟಿಯಾಗಿ ಎಣಿಸಿದಳು: ಮುನ್ನೂರ ನಲವತ್ತು. ಪಟ್ಟಿ ತೋರಿಸಿದ್ದು ಹತ್ತೊಂಬತ್ತು. ಬೀಸುವ ಕೈ ಮಾತ್ರ ಅದಕ್ಕೆ ಗೊತ್ತು. ಹಿಡಿಕೆಗೆ ಅಂಟಿದ ಕೈಯ ಕೆಳಗೆ ಕಾಲುಗಳೂ ಇವೆ ಎಂಬುದು ಅದಕ್ಕೆ ತಿಳಿಯದು.

ಅವನು ಬೆವರು ಒರೆಸಿಕೊಂಡ. ಮನುಷ್ಯ ಕೆಟ್ಟವನಲ್ಲ. "ಸರಿ, ನಿಮ್ಮದನ್ನ ಕಾಲಿಗೆ ಕಟ್ಟೋಣ. ಒಂದು ತಿಂಗಳು ನೋಡೋಣ. ಅಲ್ಲೀತನಕ ಸಹಿ ಹಾಕಿ, ನಡೀರಿ."

ಕಾಲಿಗೆ ಕಟ್ಟಿದರೆ ಇಡೀ ಆಸ್ಪತ್ರೆಗೆ ತಾನೇ ಮೊದಲಿಗಳು ಎಂಬುದು ಅಕ್ಕನಿಗೆ ಗೊತ್ತಿತ್ತು. ಒಂದು ಕ್ಷಣ ಆಸೆಯೂ ಆಯಿತು.

"ಇವತ್ತು ಕಾಲಿಗೆ ಕಟ್ತೀರ, ನಾಳೆ ಮೂಗುದಾರ ಹಾಕ್ತೀರ," ಎಂದಳು. "ಹತ್ತೊಂಬತ್ತು ವರ್ಷದಿಂದ ಬಟ್ಟೆ ಬಂದಿಲ್ಲ ಅಂತ ಒಂದು ಹಾಸಿಗೆ ಖಾಲಿ ಬಿದ್ದಿದ್ರೆ ತೋರಿಸಿ, ಈಗಲೇ ಸಹಿ ಹಾಕ್ತೀನಿ."

ಅವನು ಪೆನ್ನನ್ನು ಅವಳ ಮುಂದೆ ಹಿಡಿದ.

ಅಕ್ಕ ಪಟ್ಟಿ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. ಪೆನ್ನು ತೆಗೆದುಕೊಂಡು 'ಜಡ'ದ ಮೇಲೆ ಗೀಟು ಹಾಕಿ, ಕೆಳಗೆ ದುಂಡಗೆ ಬರೆದಳು: 'ನಡೆದಾಗಿದೆ. ಇನ್ನು ನಡೆಯುವುದಿಲ್ಲ.' ಅದಕ್ಕೆ ಸಹಿ ಹಾಕಿದಳು.

"ಇದನ್ನ ಮೇಲಿನವರಿಗೆ ಹೇಗೆ ಕೊಡಲಿ ಅಕ್ಕಾ?"

"ಕೈ ಬೀಸ್ಕೊಂಡು ಹೋಗಿ ಕೊಡಿ ಸಾರ್. ಲೆಕ್ಕಕ್ಕೆ ಸಿಗತ್ತೆ."

ಪಾಳಿ ಮುಗಿದಾಗ ಅಂಗಳದಲ್ಲಿ ಏಳೆಂಟು ಜನ ಗಾಣದೆತ್ತಿನಂತೆ ಸುತ್ತುತ್ತಿದ್ದರು. ಅವರಲ್ಲಿದ್ದ ಊಟದ ಗಾಡಿ ತಳ್ಳುವವಳು ಅಕ್ಕನನ್ನು ಕಂಡು ನಿಂತಳು. "ಎಲ್ಲಿಗೆ?"

"ಮನೆಗೆ. ನೀನೂ ಬಾ."

ಊಟದ ಗಾಡಿಯವಳು ಅಧಿಕಾರಿಯ ಕಿಟಕಿಯನ್ನೊಮ್ಮೆ, ತನ್ನ ಮಣಿಕಟ್ಟನ್ನೊಮ್ಮೆ ನೋಡಿದಳು. ಆಮೇಲೆ ಸಾಲು ಬಿಟ್ಟು ಬಂದಳು.